ಮೂರು ಸರ್ವರ್, 12 ಎಸ್‌ಎಸ್‌ಡಿ, ಸಾಫ್ಟ್‌ವೇರ್‌ಗೆ ಸೊನ್ನೆ ಬಜೆಟ್: ಸೆಫೋ, ಝಡ್‌ಎಫ್‌ಎಸ್ಸೋ, ಲಿನ್‌ಸ್ಟೋರೋ?

ಮಲೆನಾಡ_ನೋಡ್
ಎಲ್ಲರಿಗೂ ನಮಸ್ಕಾರ. ಒಂದು ಪದವಿ ಕಾಲೇಜಿನ ಸರ್ವರ್ ಕೋಣೆಗೆ ಪುಕ್ಕಟೆ ಸ್ಟೋರೇಜ್ ಸಾಫ್ಟ್‌ವೇರ್, ಅಂದ್ರೆ ಹಲವು ಡಿಸ್ಕ್‌ಗಳನ್ನ ಒಟ್ಟು ಮಾಡಿ ಡೇಟಾದ ಪ್ರತಿಗಳನ್ನ ಇಡೋದು, ಆರಿಸಬೇಕಾಗಿದೆ.

ಇರೋದು: ಸೆಕೆಂಡ್ ಹ್ಯಾಂಡ್ ಡೆಲ್ ಆರ್730 ಮೂರು. ತಲಾ ಎರಡು ಇ5-2680 ವಿ4 ಪ್ರೊಸೆಸರ್, 128 ಜಿಬಿ ರ‍್ಯಾಮ್, ಎಚ್730 ರೇಡ್ ಕಾರ್ಡ್ (ಡಿಸ್ಕ್‌ಗಳನ್ನ ಒಟ್ಟುಗೂಡಿಸೋದು), ಬೂಟ್‌ಗೆ ಎರಡು ಸಣ್ಣ ಎಸ್‌ಎಸ್‌ಡಿ. ಡೇಟಾಗೆ ತಲಾ ನಾಲ್ಕು 960 ಜಿಬಿ ಎಸ್‌ಎಸ್‌ಡಿ ಹಾಕೋ ಯೋಚನೆ, ಇನ್ನೂ ಕೊಂಡಿಲ್ಲ. ಎರಡು ಪೋರ್ಟಿನ 10ಜಿ (ಸೆಕೆಂಡಿಗೆ 10 ಗಿಗಾಬಿಟ್) ನೆಟ್‌ವರ್ಕ್ ಕಾರ್ಡ್ (ಇಂಟೆಲ್ ಎಕ್ಸ್520) ಮೂರರಲ್ಲೂ ಇದೆ, 10ಜಿ ಸ್ವಿಚ್ ಇಲ್ಲ. 24 ಪೋರ್ಟಿನ 1ಜಿ ಸ್ವಿಚ್ ಇದೆ.

ಓಡಬೇಕಾದ್ದು 14 ವಿಎಂ (ಸರ್ವರ್ ಒಳಗೆ ಓಡೋ ವರ್ಚುಯಲ್ ಮಷೀನ್): ಶುಲ್ಕ ಕಟ್ಟೋ ಮಾರಿಯಾಡಿಬಿ ಡೇಟಾಬೇಸ್, ಗ್ರಂಥಾಲಯದ ಕೋಹಾ, ಆನ್‌ಲೈನ್ ಪಾಠದ ಮೂಡಲ್, ಟ್ಯಾಲಿಗೆ ಒಂದು ವಿಂಡೋಸ್, ಒಂದು ಫೈಲ್ ಸರ್ವರ್, ಉಳಿದವು ಚಿಲ್ಲರೆ. ಒಟ್ಟು ಡೇಟಾ ಈಗ 1.4 ಟಿಬಿ. ವಿಎಂ ಓಡಿಸೋ ಹೈಪರ್‌ವೈಸರ್ ಪ್ರಾಕ್ಸ್‌ಮಾಕ್ಸ್ 9 ಅಂತ ತೀರ್ಮಾನ ಆಗಿದೆ. ಒಂದು ಸರ್ವರ್ ಕೆಟ್ಟರೆ ವಿಎಂಗಳು ಇನ್ನೊಂದರಲ್ಲಿ ತಾವಾಗೇ ಏಳಬೇಕು. ಏನು ಹಾಕಲಿ?

ರಾಗಿಮುದ್ದೆ_ರೂಟ್
ಸೆಫ್. ಮುಗೀತು. ಪ್ರಾಕ್ಸ್‌ಮಾಕ್ಸ್ ಒಳಗೇ ಇದೆ, ನಾಲ್ಕು ಕ್ಲಿಕ್ ಅಷ್ಟೆ.

ಕುಡ್ಲದ_ಕರ್ನಲ್
ಹಾಕ್ಲಿಕ್ಕೆ ನಾಲ್ಕು ಕ್ಲಿಕ್ ಸಾಕು ಮಾರಾಯ್ರೆ. ರಾತ್ರಿ ಎರಡು ಗಂಟೆಗೆ ಪೂಲ್ (ಒಟ್ಟುಗೂಡಿಸಿದ ಡಿಸ್ಕ್ ಜಾಗ) ತುಂಬಿ ಹದಿನಾಲ್ಕೂ ವಿಎಂ ನಿಂತ್ರೆ ಎಬ್ಬಿಸ್ಲಿಕ್ಕೆ ನಾಲ್ಕು ಕ್ಲಿಕ್ ಸಾಕಾಗುದಿಲ್ಲ.

ನೋಡ್ ಅವರೇ, ಸಾಫ್ಟ್‌ವೇರಿನ ಹೆಸರು ಆಮೇಲೆ ನೋಡುವ. ಮೊದಲು ಎರಡು ವಿಷಯ ಹೇಳಿ. ಸರ್ವರ್ ಪಟ್ಟಂತ ಸತ್ರೆ ಎಷ್ಟು ನಿಮಿಷದ ಡೇಟಾ ಹೋದ್ರೆ ನಡೀತದೆ? ಪ್ರತಿ ವಿಎಂಗೂ ಬೇರೆ ಬೇರೆ ಹೇಳಿ. ಇನ್ನೊಂದು, ಕೆಟ್ಟಾಗ ಟರ್ಮಿನಲ್ ಮುಂದೆ ಕೂರುವವರು ಯಾರು?

ಮಲೆನಾಡ_ನೋಡ್
ಶುಲ್ಕದ ಡೇಟಾಬೇಸ್ ಒಂದು ರಸೀದಿಯೂ ಹೋಗಬಾರದು. ಕೋಹಾ, ಮೂಡಲ್ ಹತ್ತು ಹದಿನೈದು ನಿಮಿಷ ಪರವಾಗಿಲ್ಲ. ಉಳಿದದ್ದು ನಿನ್ನೆ ರಾತ್ರಿಯ ಬ್ಯಾಕಪ್ ಇದ್ದರೂ ಆಯ್ತು. ನೋಡಿಕೊಳ್ಳೋರು ಇಬ್ಬರು, ಅದರಲ್ಲಿ ಒಬ್ಬರು ಪಾಠವನ್ನೂ ಮಾಡಬೇಕು. ಲಿನಕ್ಸ್ ಬರುತ್ತೆ, ಸೆಫ್ ಮುಟ್ಟಿಲ್ಲ.

ಅಕ್ಕನ_ಟರ್ಮಿನಲ್
ಮೊದಲು ಜಾಗದ ಲೆಕ್ಕ ಹಾಕಿ, ಅರ್ಧ ವಾದ ಅಲ್ಲೇ ಬಗೆಹರಿಯುತ್ತೆ.

12 ಡಿಸ್ಕ್ ಗುಣಿಸು 960 ಜಿಬಿ, ಕಚ್ಚಾ 11.52 ಟಿಬಿ. ಸೆಫ್ ತಾನಾಗಿ ಮೂರು ಪ್ರತಿ ಇಡುತ್ತೆ, ಬರಹ ನಡೀಬೇಕಾದ್ರೆ ಕನಿಷ್ಠ ಎರಡು ಇರಬೇಕು. ಅಂದ್ರೆ ಸಿಗೋದು 3.84 ಟಿಬಿ. ಅದನ್ನೂ ಪೂರ್ತಿ ತುಂಬೋ ಹಾಗಿಲ್ಲ: 85 ಪರ್ಸೆಂಟ್‌ಗೆ ಎಚ್ಚರಿಕೆ, 90ಕ್ಕೆ ಕಳೆದ ಪ್ರತಿ ಮರುತುಂಬೋದು ನಿಲ್ಲುತ್ತೆ, 95ಕ್ಕೆ ಬರೆಯೋದೇ ಬಂದ್.

ಮೂರೇ ನೋಡ್, ಅಂದ್ರೆ ಸರ್ವರ್, ಇರೋ ಕಡೆ ಎಲ್ಲರೂ ಮರೆಯೋದು ಒಂದಿದೆ. ಪ್ರತಿ ಸರ್ವರ್‌ನಲ್ಲೂ ಒಂದೊಂದು ಪ್ರತಿ ಇರಲೇಬೇಕು ಅನ್ನೋದು ನಿಯಮ. ಒಂದು ಸರ್ವರ್‌ನ ನಾಲ್ಕು ಡಿಸ್ಕ್‌ನಲ್ಲಿ ಒಂದು ಸತ್ತರೆ ಅದರ ಪಾಲು ಪಕ್ಕದ ಸರ್ವರ್‌ಗೆ ಹೋಗಲ್ಲ, ಅದೇ ಸರ್ವರ್‌ನ ಉಳಿದ ಮೂರರ ತಲೆ ಮೇಲೆ ಬೀಳುತ್ತೆ. ಡಿಸ್ಕ್ ಇಳಿದು ಹತ್ತು ನಿಮಿಷಕ್ಕೆ, ಅಂದ್ರೆ 600 ಸೆಕೆಂಡಿಗೆ, ಸೆಫ್ ತಾನಾಗೇ ಶುರು ಮಾಡುತ್ತೆ. ಆ ಮೂರೂ 85 ದಾಟಬಾರದು ಅಂದ್ರೆ ನೀವು ಮೊದಲೇ 64 ಪರ್ಸೆಂಟ್‌ಗೆ ನಿಲ್ಲಿಸಿರಬೇಕು. 3.84ರಲ್ಲಿ 64 ಪರ್ಸೆಂಟ್ ಅಂದ್ರೆ 2.45 ಟಿಬಿ. ನಿಮ್ಮ ನಿಜವಾದ ಜಾಗ ಅಷ್ಟೇ. 1.4 ಟಿಬಿಗೆ ಈಗ ಸಾಕು, ವರ್ಷಕ್ಕೆ ಎಷ್ಟು ಬೆಳೆಯುತ್ತೆ ನೋಡ್ಕೊಳ್ಳಿ.

ನೋಡ್‌ಗೆ ಎರಡೇ ದೊಡ್ಡ ಡಿಸ್ಕ್ ಹಾಕಿದ್ರೆ ಇದು ಇನ್ನೂ ಕೆಟ್ಟದು. ಒಂದು ಹೋದ್ರೆ ಇನ್ನೊಂದು ಎರಡರಷ್ಟು ಹೊರಬೇಕು. ಆದ್ದರಿಂದ ನಾಲ್ಕು ಸಣ್ಣದು ಅನ್ನೋ ನಿಮ್ಮ ಯೋಚನೆ ಸರಿ ಇದೆ.

ಬಿಟ್ಟಿಬೈಟ್
ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪಂಗೊಂದು ಅಂತಾರೆ. ಸೆಫ್ ನಮ್ಮಜ್ಜಂಗೂ ಒಂದು ಕೊಡಿ ಅನ್ನುತ್ತೆ 😄

ರಾಗಿಮುದ್ದೆ_ರೂಟ್
ಎರಡೇ ಪ್ರತಿ ಇಟ್ಟು, ಕನಿಷ್ಠ ಒಂದು ಅಂತ ಮಾಡ್ಕೊಂಡ್ರೆ 5.76 ಟಿಬಿ ಸಿಗುತ್ತಲ್ಲ?

ಅಕ್ಕನ_ಟರ್ಮಿನಲ್
ಬೇಡಪ್ಪ, ದಯವಿಟ್ಟು ಬೇಡ. ಕನಿಷ್ಠ ಒಂದು ಅಂದ್ರೆ ಒಂದೇ ಪ್ರತಿ ಉಳಿದಾಗಲೂ ಬರೀತಾ ಹೋಗುತ್ತೆ. ಆ ಹೊತ್ತಲ್ಲಿ ಆ ಡಿಸ್ಕ್ ಕೆಮ್ಮಿದ್ರೆ ಹೊಸ ಬರಹ ಪ್ರಪಂಚದಲ್ಲೇ ಎಲ್ಲೂ ಇರಲ್ಲ. ಹಳೇ ಪ್ರತಿ ಎದ್ದು ಬಂದ್ರೂ ಅದು ಹಳೇದು. ಪಿಜಿ (ಸೆಫ್ ಡೇಟಾ ಹಂಚೋ ಗುಂಪು) ಇನ್‌ಕಂಪ್ಲೀಟ್ ಅಂತ ಕೂತ್ಕೊಳ್ಳುತ್ತೆ, ನೀವೂ ಕೂತ್ಕೊಳ್ತೀರಿ. ಇರೇಷರ್ ಕೋಡಿಂಗ್ 2+1 (ಎರಡು ಪಾಲು ಡೇಟಾ, ಒಂದು ಪಾಲು ಸರಿಪಡಿಸೋ ಮಾಹಿತಿ) ಕೂಡ ಮೂರು ನೋಡ್‌ಗೆ ಬೇಡ. ಒಂದು ನೋಡ್ ಕೆಳಗಿಳಿದ ತಕ್ಷಣ ಹೆಚ್ಚುವರಿ ರಕ್ಷಣೆ ಸೊನ್ನೆ.

ಧಾರವಾಡ_ಡೀಮನ್
ಎಲ್ಲಾರೂ ಸಾಫ್ಟ್‌ವೇರ್ ಬಗ್ಗೆ ಬಡಿದಾಡಾಕತ್ತೀರಿ, ಡಿಸ್ಕ್ ಯಾವುದು ಅಂತ ಯಾರೂ ಕೇಳವಲ್ರಿ! ನೋಡ್ ಅವರ, ಡೆಸ್ಕ್‌ಟಾಪ್ ಎಸ್‌ಎಸ್‌ಡಿ ತರಬ್ಯಾಡ್ರಿ. ಪವರ್ ಲಾಸ್ ಪ್ರೊಟೆಕ್ಷನ್, ಅಂದ್ರ ಪಿಎಲ್‌ಪಿ ಇರೋದ ಬೇಕು. ಸ್ಯಾಮ್‌ಸಂಗ್ ಪಿಎಂ893, ಮೈಕ್ರಾನ್ 5400, ಇಂಟೆಲ್ ಎಸ್4510 ಈ ಸಾಲಿನವು.

ಯಾಕಂದ್ರ, ಸೆಫ್ ಇರಲಿ, ಡಿಆರ್‌ಬಿಡಿ (ಲಿನ್‌ಸ್ಟೋರ್ ಕೆಳಗ ನಕಲು ಮಾಡೋದು) ಇರಲಿ, ಡೇಟಾಬೇಸ್ ಇರಲಿ, ಬರದದ್ದು ಡಿಸ್ಕಿಗೆ ಗಟ್ಟಿ ಮುಟ್ಟೇತಿ ಅಂತ ಖಾತ್ರಿ ಕೇಳತಾವ. ಪಿಎಲ್‌ಪಿ ಇದ್ದ ಡಿಸ್ಕ್‌ನ್ಯಾಗ ಕೆಪಾಸಿಟರ್ ಇರತಾವ. ಕರೆಂಟ್ ಹೋದ್ರೂ ಒಳಗಿನ ರ‍್ಯಾಮ್‌ದಾಗಿಂದ ಫ್ಲ್ಯಾಶಿಗೆ ಇಳಿಸುವಷ್ಟು ಚಾರ್ಜ್ ಉಳಿದಿರತೈತಿ, ಹಂಗಾಗಿ ರ‍್ಯಾಮ್‌ಗೆ ಬಂದ ಕೂಡಲೇ "ಮುಗೀತು" ಅಂತ ಧೈರ್ಯದಿಂದ ಹೇಳತೈತಿ. ಡೆಸ್ಕ್‌ಟಾಪ್ ಡಿಸ್ಕ್ ಪ್ರತಿ ಸಲ ಫ್ಲ್ಯಾಶ್ ತನಕಾ ಹೋಗಿ ಬರಬೇಕು. ಡಬ್ಬಿ ಮ್ಯಾಲೆ ಬರದ 90 ಸಾವಿರ ಐಒಪಿಎಸ್ (ಸೆಕೆಂಡಿಗೆ ಎಷ್ಟು ಓದು-ಬರಹ) ಇಲ್ಲಿ ಉಪಯೋಗಕ್ಕ ಬರಂಗಿಲ್ಲ.

ನೀವ ಪರೀಕ್ಷೆ ಮಾಡಿ ನೋಡ್ರಿ. ಡಿಸ್ಕ್ ವೇಗ ಅಳೆಯೋ ಎಫ್‌ಐಒ ಟೂಲ್‌ನ್ಯಾಗ ಬ್ಲಾಕ್ ಸೈಜ್ 4ಕೆ, ರ‍್ಯಾಂಡಮ್ ರೈಟ್, ಡೈರೆಕ್ಟ್ 1, ಸಿಂಕ್ 1, ಐಒ ಡೆಪ್ತ್ 1, ಜಾಬ್ 1, 60 ಸೆಕೆಂಡ್. ಡೆಸ್ಕ್‌ಟಾಪ್ ಡಿಸ್ಕ್ ಸಾಮಾನ್ಯವಾಗಿ ಸಾವಿರದ ಆಜೂಬಾಜೂ, ಒಮ್ಮೊಮ್ಮೆ ಕೆಲವು ನೂರರಾಗ ನಿಲ್ಲತೈತಿ. ಪಿಎಲ್‌ಪಿ ಇದ್ದದ್ದು ಹತ್ತು ಸಾವಿರ ದಾಟತೈತಿ. ಒಂದ ಡಿಸ್ಕ್ ತರಿಸಿ ನೋಡ್ರಿ, ಆಮ್ಯಾಲೆ ಉಳಿದ ಹನ್ನೊಂದು. ಇಡೀ ಡಿಸ್ಕ್ ಮ್ಯಾಲೆ ಓಡಿಸಿದ್ರ ಒಳಗಿನ ಡೇಟಾ ಪೂರಾ ಅಳಿಸತೈತಿ, ಖಾಲಿ ಡಿಸ್ಕ್ ಮ್ಯಾಲೆ ಅಷ್ಟ ಮಾಡ್ರಿ.

ಚಿಕ್ಕಪೇಟೆ_ಚಿಪ್
ಎಚ್730ನಲ್ಲಿ ಬ್ಯಾಟರಿ ಇರೋ ಕ್ಯಾಶ್ ಇದೆಯಲ್ಲ ಗುರು, ಅದೇ ಸಾಲದಾ? ದುಬಾರಿ ಡಿಸ್ಕ್ ಯಾಕೆ?

ಧಾರವಾಡ_ಡೀಮನ್
ರೇಡ್ ಕಾರ್ಡ್ ನಡುವ ಕುಂತ್ರ ಝಡ್‌ಎಫ್‌ಎಸ್, ಸೆಫ್ ಎರಡಕ್ಕೂ ಡಿಸ್ಕಿನ ಖರೇ ಮುಖ ಕಾಣಂಗಿಲ್ಲ. ಎಸ್‌ಎಸ್‌ಡಿ ಸವೆದದ್ದೂ ಸರಿಯಾಗಿ ತಿಳಿಯಂಗಿಲ್ಲ, ಕಾರ್ಡ್ ಕೆಟ್ಟರ ಡಿಸ್ಕ್ ತಗದು ಬ್ಯಾರೆ ಮಷೀನಿಗೆ ಹಾಕಿ ಓದಾಕೂ ಬರಂಗಿಲ್ಲ. ಎಚ್730ಕ್ಕ ಎಚ್‌ಬಿಎ ಮೋಡ್ ಐತಿ, ಅದರಾಗ ಡಿಸ್ಕ್ ನೇರ ಕಾಣತಾವ. ಬೂಟ್ ಆಗುವಾಗ ಕಂಟ್ರೋಲ್ ಆರ್ ಒತ್ತಿ ಒಳಗ ಹೋಗಿ, ಇದ್ದ ವರ್ಚುಯಲ್ ಡಿಸ್ಕ್ ಎಲ್ಲಾ ಅಳಿಸಿ, ಕಂಟ್ರೋಲರ್ ಪುಟದಾಗ ಎಚ್‌ಬಿಎಗೆ ಬದಲಿಸಿ ರೀಬೂಟ್ ಮಾಡ್ರಿ. ಬೂಟ್ ಡಿಸ್ಕ್ ಎರಡೂ ಅದ ಕಾರ್ಡಿನ ಮ್ಯಾಲೆ ಇದ್ರ ಪ್ರಾಕ್ಸ್‌ಮಾಕ್ಸ್ ಹಾಕೋದಕ್ಕಿಂತ ಮೊದಲ ಇದನ್ನ ಮಾಡ್ರಿ, ಇಲ್ಲಾಂದ್ರ ಎರಡು ಸಲ ಹಾಕಬೇಕಾಗತೈತಿ. ಎಚ್‌ಬಿಎ330 ಕಾರ್ಡ್ ಸಿಕ್ಕರ ಬದಲಿಸಿಬಿಡೋದು ಇನ್ನೂ ಚೊಲೊ.

ಝಡ್‌ಪೂಲ್_ಝರಿ
ಇಬ್ಬರೇ ನೋಡ್ಕೊಳ್ಳೋ ಕಡೆ ಸೆಫ್ ಯಾಕೆ ಬೇಕು ಅಂತ ನನ್ನ ಪ್ರಶ್ನೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಝಡ್‌ಎಫ್‌ಎಸ್ ರೆಪ್ಲಿಕೇಷನ್, ಅಂದ್ರೆ ಆಗಾಗ ಇನ್ನೊಂದು ಸರ್ವರ್‌ಗೆ ನಕಲು ಕಳಿಸೋದು, 2017ರ 5ನೇ ಆವೃತ್ತಿಯಿಂದಲೂ ಇದೆ. ಪ್ರತಿ ಸರ್ವರ್‌ನಲ್ಲೂ ಒಂದೇ ಹೆಸರಿನ ಪೂಲ್ ಮಾಡಿ (ಹೆಸರು ಬೇರೆಯಾದ್ರೆ ರೆಪ್ಲಿಕೇಷನ್ ಆಗಲ್ಲ), ಎರಡೆರಡು ಡಿಸ್ಕ್‌ನ ಮಿರರ್ (ಎರಡರಲ್ಲೂ ಒಂದೇ ಡೇಟಾ) ಎರಡು ಜೋಡಿ, ಬ್ಲಾಕ್ ಅಳತೆಯ ಎಶಿಫ್ಟ್ 12. ವಿಎಂನ ರೆಪ್ಲಿಕೇಷನ್ ಪುಟದಲ್ಲಿ ಯಾವ ನೋಡ್‌ಗೆ, ಎಷ್ಟು ಹೊತ್ತಿಗೊಮ್ಮೆ ಅಂತ ಕೊಟ್ಟರೆ ಆಯ್ತು. ತಾನಾಗಿ 15 ನಿಮಿಷ ಇರುತ್ತೆ, ಒಂದು ನಿಮಿಷದವರೆಗೂ ಇಳಿಸಬಹುದು. ಮೊದಲ ಸಲ ಪೂರ್ತಿ ಹೋಗುತ್ತೆ, ಆಮೇಲೆ ಬದಲಾದದ್ದು ಮಾತ್ರ. ನೆಟ್‌ವರ್ಕ್ ಎರಡು ನಿಮಿಷ ಹೋದ್ರೂ ಓಡ್ತಿರೋ ವಿಎಂಗೆ ಗೊತ್ತೇ ಆಗಲ್ಲ, ಯಾಕಂದ್ರೆ ಅದು ಓದೋದು ಬರೆಯೋದು ತನ್ನ ಸರ್ವರ್‌ನ ಡಿಸ್ಕ್‌ಗೆ.

ರೇಡ್‌ಝಡ್ (ಮಿರರ್ ಬದಲು ಪ್ಯಾರಿಟಿ, ಅಂದ್ರೆ ಸರಿಪಡಿಸೋ ಮಾಹಿತಿ ಇಡೋದು) ಮಾಡಬೇಡಿ. ವಿಎಂ ಡಿಸ್ಕ್‌ಗಳು ಸಣ್ಣ ಬ್ಲಾಕ್‌ನವು, ಪ್ಯಾರಿಟಿ ಪ್ಯಾಡಿಂಗ್‌ನಲ್ಲೇ ಉಳಿಸಿದ ಜಾಗ ಹೋಗುತ್ತೆ, ಐಒಪಿಎಸ್ ಕೂಡ ಒಂದು ಡಿಸ್ಕ್‌ನಷ್ಟೇ. ಝಡ್‌ಎಫ್‌ಎಸ್ ಓದಿದ್ದನ್ನ ಇಟ್ಟುಕೊಳ್ಳೋ ಎಆರ್‌ಸಿ ಕ್ಯಾಶ್ ಹೊಸ ಇನ್‌ಸ್ಟಾಲ್‌ನಲ್ಲಿ ರ‍್ಯಾಮಿನ 10 ಪರ್ಸೆಂಟ್‌ಗೆ, ಹೆಚ್ಚಂದ್ರೆ 16 ಜಿಬಿಗೆ ನಿಲ್ಲುತ್ತೆ. ನಿಮಗೆ 12 ಚಿಲ್ಲರೆ ಜಿಬಿ. ಸಾಕು.

ಜಾಗವೂ ಸೆಫ್‌ಗಿಂತ ಜಾಸ್ತಿ ಸಿಗುತ್ತೆ.

ಅಕ್ಕನ_ಟರ್ಮಿನಲ್
ಕೊನೇ ಸಾಲು ತಪ್ಪು. ಮಿರರ್ ಆದ ಮೇಲೆ ನೋಡ್‌ಗೆ 1.92, ಮೂರಕ್ಕೆ 5.76 ಟಿಬಿ. ಪ್ರತಿ ವಿಎಂ ಎರಡು ನೋಡ್‌ನಲ್ಲಿ ಇರಬೇಕಾದ್ರೆ ಅದರ ಅರ್ಧ, 2.88. ಝಡ್‌ಎಫ್‌ಎಸ್ ಪೂಲ್ 80 ಪರ್ಸೆಂಟ್ ದಾಟಿಸಬಾರದು ಅಂದ್ರೆ 2.3 ಟಿಬಿ. ಸೆಫ್‌ನ 2.45ಕ್ಕಿಂತ ಒಂದು ಗುಲಗಂಜಿ ಕಮ್ಮಿಯೇ. ಸ್ನಾಪ್‌ಶಾಟ್ (ಒಂದು ಕ್ಷಣದ ಡೇಟಾದ ಚಿತ್ರ) ತಿನ್ನೋ ಜಾಗ ಬೇರೆ.

ಝಡ್‌ಪೂಲ್_ಝರಿ
ಒಪ್ಪಿದೆ ಅಕ್ಕ, 80 ಪರ್ಸೆಂಟ್ ಕಳೆಯೋದು ಮರೆತಿದ್ದೆ.

ರಾಗಿಮುದ್ದೆ_ರೂಟ್
ಅವರು ರಸೀದಿ ಒಂದೂ ಹೋಗಬಾರದು ಅಂದಿದ್ದಾರೆ. ಒಂದು ನಿಮಿಷಕ್ಕೊಮ್ಮೆ ಕಳಿಸಿದ್ರೂ ಅಡ್ಮಿಷನ್ ದಿನ ಆ ಒಂದು ನಿಮಿಷದಲ್ಲಿ ಐದು ರಸೀದಿ ಹೋಗುತ್ತೆ. ಝಡ್‌ಎಫ್‌ಎಸ್ ಇಲ್ಲೇ ಸೋತಿತು.

ಮೈಸೂರು_ಮೌಂಟ್
ಒಂದು ಪೆಟ್ಟಿಗೆಗೆ ಟ್ರೂನಾಸ್ ಹಾಕಿ, ನೆಟ್‌ವರ್ಕ್ ಮೇಲೆ ಎನ್‌ಎಫ್‌ಎಸ್‌ನಲ್ಲಿ ಮೂರಕ್ಕೂ ಜಾಗ ಕೊಟ್ಟುಬಿಡಿ, ಸುಲಭ.

ಕುಡ್ಲದ_ಕರ್ನಲ್
ಆ ಟ್ರೂನಾಸ್ ಪೆಟ್ಟಿಗೆ ಹೋದ್ರೆ ಮೂರೂ ಸರ್ವರ್ ಒಟ್ಟಿಗೆ ಮಲಗ್ತದೆ. ಕೇಳಿದ್ದಕ್ಕೆ ಸರೀ ಉಲ್ಟಾ.

ಹಳೇಬೀಡು_ಹ್ಯಾಶ್
ಹಲವು ಸರ್ವರ್‌ಗೆ ಫೈಲ್ ಹಂಚೋ ಗ್ಲಸ್ಟರ್ ಯಾರೂ ಹೇಳಲಿಲ್ಲ? ಮೂರು ನೋಡ್, ಎರಡು ಪ್ರತಿ ಮತ್ತು ಒಂದು ಆರ್ಬಿಟರ್ (ಫೈಲಿನ ಡೇಟಾ ಇಡದ ತೀರ್ಪುಗಾರ), ಫೈಲ್‌ಗಳು ಡಿಸ್ಕ್‌ನಲ್ಲಿ ಫೈಲ್‌ಗಳಾಗಿಯೇ ಕಾಣ್ತವೆ. ಕಲಿಯೋಕೆ ಸೆಫ್‌ಗಿಂತ ಎಷ್ಟೋ ಹಗುರ.

ಅಕ್ಕನ_ಟರ್ಮಿನಲ್
ಐದು ವರ್ಷದ ಹಿಂದೆ ಆಗಿದ್ರೆ ವಾದ ಮಾಡಬಹುದಿತ್ತು. ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಸ್ಟೋರೇಜ್‌ಗೆ ಬೆಂಬಲ 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಪ್ರಾಕ್ಸ್‌ಮಾಕ್ಸ್ 9, 2025ರ ಆಗಸ್ಟ್‌ನಲ್ಲಿ ಬಂದದ್ದು, ಗ್ಲಸ್ಟರ್ ಸ್ಟೋರೇಜನ್ನೇ ಪಟ್ಟಿಯಿಂದ ತೆಗೀತು. ಹೊಸದಾಗಿ ಶುರು ಮಾಡೋರು ಮುಟ್ಟಬಾರದು. ಈಗ ಓಡಿಸ್ತಿರೋರು 9ಕ್ಕೆ ಏರೋ ಮೊದಲು ವಿಎಂ ಡಿಸ್ಕ್‌ಗಳನ್ನ ಬೇರೆ ಕಡೆ ಸಾಗಿಸಲೇಬೇಕು.

ಬಿಟ್ಟಿಬೈಟ್
ಬೇಜಾರಿನ ಸಂಗತಿ ಅಂದ್ರೆ ಅದು ಅರ್ಧಕ್ಕರ್ಧ ಬೆಂಗಳೂರಿನ ಕೂಸು. ಗ್ಲಸ್ಟರ್‌ನ ಎಂಜಿನಿಯರಿಂಗ್ ತಂಡ ಬೆಂಗಳೂರಲ್ಲೇ ಇತ್ತು. 2011ರಲ್ಲಿ ರೆಡ್ ಹ್ಯಾಟ್ 136 ಮಿಲಿಯನ್ ಡಾಲರ್‌ಗೆ ಕೊಂಡಿತು. ಕಟ್ಟಿದ ಆನಂದ್ ಬಾಬು ಪೆರಿಯಸಾಮಿ ಆಮೇಲೆ ಮಿನಿಯೋ ಶುರು ಮಾಡಿದ್ರು.

ಹಳೇಬೀಡು_ಹ್ಯಾಶ್
ಮಿನಿಯೋ ಕೂಡ 2025ರಲ್ಲಿ ಪುಕ್ಕಟೆ ಆವೃತ್ತಿಯ ಅಡ್ಮಿನ್ ಪುಟಗಳನ್ನ ಕಿತ್ತು ಹಾಕಿತು. ಬಿಟ್ಟಿ ಅನ್ನ ಯಾವತ್ತಿದ್ರೂ ಅಷ್ಟೇ.

ಕುಡ್ಲದ_ಕರ್ನಲ್
ಮಿನಿಯೋ ಆಬ್ಜೆಕ್ಟ್ ಸ್ಟೋರೇಜ್, ಫೈಲುಗಳನ್ನು ಇಡಿಯಾಗಿ ಇಡ್ಲಿಕ್ಕೆ ಇರುವುದು, ವಿಎಂ ಡಿಸ್ಕಿಗೆ ಸಂಬಂಧವೇ ಇಲ್ಲ. ಹಳಿಗೆ ಬನ್ನಿ.

ಚಿಕ್ಕಪೇಟೆ_ಚಿಪ್
ವಿಎಂವೇರ್ ಫ್ರೀ ವಾಪಸ್ ಬಂತಲ್ಲ? ಅವರ ಸ್ಟೋರೇಜ್ ವಿಸ್ಯಾನ್ ಹಾಕಬಹುದಾ? ಇಲ್ಲಾ ಸ್ಟಾರ್‌ವಿಂಡ್ ಫ್ರೀ?

ಅಕ್ಕನ_ಟರ್ಮಿನಲ್
ವಿಎಂವೇರ್‌ನ ಹೈಪರ್‌ವೈಸರ್ ಇಎಸ್‌ಎಕ್ಸ್‌ಐನ ಪುಕ್ಕಟೆ ಆವೃತ್ತಿಯನ್ನ ಅದರ ಒಡೆಯ ಬ್ರಾಡ್‌ಕಾಮ್ 2024ರ ಫೆಬ್ರವರಿಯಲ್ಲಿ ನಿಲ್ಲಿಸಿ 2025ರ ಏಪ್ರಿಲ್‌ನಲ್ಲಿ ವಾಪಸ್ ತಂದಿತು. ಆದ್ರೆ ಅದನ್ನ ವಿಸೆಂಟರ್‌ಗೆ (ಎಲ್ಲ ಸರ್ವರ್ ಒಟ್ಟಿಗೆ ನೋಡ್ಕೊಳ್ಳೋ ಸಾಫ್ಟ್‌ವೇರ್) ಸೇರಿಸೋಕೆ ಬರಲ್ಲ, ವಿಸ್ಯಾನ್ ಇಲ್ಲ, ಎಚ್‌ಎ (ಸರ್ವರ್ ಕೆಟ್ಟರೆ ವಿಎಂ ಇನ್ನೊಂದರಲ್ಲಿ ತಾನಾಗೇ ಏಳೋದು) ಇಲ್ಲ. ಮೂರು ಒಂಟಿ ಸರ್ವರ್ ಆಗುತ್ತೆ ಅಷ್ಟೆ. ಮೈಕ್ರೋಸಾಫ್ಟ್‌ನ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್‌ಗೆ ಡೇಟಾಸೆಂಟರ್ ಲೈಸೆನ್ಸ್ ಬೇಕು, ಅದನ್ನ ಪುಕ್ಕಟೆ ಸಾಲಿಗೆ ಸೇರಿಸಲೇಬೇಡಿ.

ಸ್ಟಾರ್‌ವಿಂಡ್ ಒಳ್ಳೇ ಸರಕು. ಎರಡು ನೋಡ್ ಇದ್ದೋರಿಗೆ ಐಎಸ್‌ಸಿಎಸ್‌ಐ (ನೆಟ್‌ವರ್ಕ್ ಮೂಲಕ ಡಿಸ್ಕ್) ಮೇಲೆ ಸಿಂಕ್ರೊನಸ್ ಕನ್ನಡಿ, ಅಂದ್ರೆ ಎರಡೂ ಕಡೆ ಒಟ್ಟಿಗೇ ಬರಹ. ಆದ್ರೆ ಅದು ಪುಕ್ಕಟೆ ಆವೃತ್ತಿ, ಮುಕ್ತ ತಂತ್ರಾಂಶ ಅಲ್ಲ. 2025ರಲ್ಲಿ ಡೇಟಾಕೋರ್ ಆ ಕಂಪನಿಯನ್ನೇ ಕೊಂಡಿದೆ, ಆದ್ದರಿಂದ ಹಳೇ ಲೇಖನ ನಂಬದೆ ಈಗಿನ ಲೈಸೆನ್ಸ್ ಓದಿ. ಮೂರನೇ ನೋಡ್ ಕೈಯಲ್ಲೇ ಇರುವಾಗ ಇದರ ಅಗತ್ಯ ನಂಗೆ ಕಾಣಲ್ಲ.

ಕುಡ್ಲದ_ಕರ್ನಲ್
ಈಗ ನನ್ನ ಮತ: ಲಿನ್‌ಸ್ಟೋರ್. ಕೆಳಗೆ ಡಿಆರ್‌ಬಿಡಿ 9, ವಿಯೆನ್ನಾದ ಲಿನ್‌ಬಿಟ್‌ನವರದ್ದು, ಜಿಪಿಎಲ್ ಲೈಸೆನ್ಸಿನ ಮುಕ್ತ ತಂತ್ರಾಂಶ. ಎಕ್ಸ್‌ಸಿಪಿ-ಎನ್‌ಜಿ ಎಂಬ ಇನ್ನೊಂದು ಹೈಪರ್‌ವೈಸರಿನವರ ಎಕ್ಸ್‌ಒಸ್ಟೋರ್ ಕೂಡ ಇದರ ಮೇಲೇ ನಿಂತದ್ದು.

ಪ್ರತಿ ಡಿಸ್ಕಿಗೆ ಒಂದೊಂದು ಎಲ್‌ವಿಎಂ ಥಿನ್ ಪೂಲ್ (ಬರೆದಷ್ಟೇ ಜಾಗ ಹಿಡಿಯುವುದು), ಲೋಕಲ್ ರೇಡ್ ಬೇಡ, ಪ್ರತಿ ಎರಡು. ಕಚ್ಚಾ 11.52ರಲ್ಲಿ ಅರ್ಧ, 5.76 ಟಿಬಿ. ಮೂರನೇ ನೋಡಿನಲ್ಲಿ ಡೇಟಾ ಇಲ್ಲದ ಟೈಬ್ರೇಕರ್ ಅದೇ ಹಾಕಿಕೊಳ್ತದೆ, ಕೋರಂಗೆ, ಅಂದ್ರೆ ಬಹುಮತಕ್ಕೆ. ಬರಹ ಪ್ರೋಟೋಕಾಲ್ ಸಿ, ಅಂದ್ರೆ ಎರಡೂ ಡಿಸ್ಕಿಗೆ ಮುಟ್ಟಿದ ಮೇಲೆಯೇ ವಿಎಂಗೆ ಉತ್ತರ. ಹಾಗಾಗಿ ಒಂದು ರಸೀದಿಯೂ ಹೋಗುದಿಲ್ಲ. ಓದುವುದು ತನ್ನದೇ ಸರ್ವರಿನ ಡಿಸ್ಕಿನಿಂದ. ಸೆಫಿನಲ್ಲಿ ಓದುವಾಗ ಮೂರರಲ್ಲಿ ಎರಡು ಸಲ ಪಕ್ಕದ ಸರ್ವರಿಗೆ ಹೋಗ್ಬೇಕು, ಯಾಕಂದ್ರೆ ಓದಿಗೆ ಉತ್ತರ ಕೊಡುವ ಪ್ರೈಮರಿ ಪ್ರತಿ ಮೂರು ಕಡೆ ಹಂಚಿ ಹೋಗಿರ್ತದೆ. ಒಂದೇ ಒಂದು ಡೇಟಾಬೇಸ್ ಓಡುವಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣ್ತದೆ.

ಎಡವುವ ಜಾಗ ಹೇಳ್ತೇನೆ. ಲಿನಕ್ಸ್ ಕರ್ನಲ್ ಒಳಗೆ 2010ರಿಂದಲೂ ಡಿಆರ್‌ಬಿಡಿ ಉಂಟು, ಆದ್ರೆ ಅದು ಹಳೇ 8.4 ಸಾಲಿನದ್ದು. 9 ಬೇಕಾದ್ರೆ ಹೊರಗಿನಿಂದ ಡಿಕೆಎಂಎಸ್ (ಪ್ರತಿ ಕರ್ನಲ್‌ಗೂ ಮಾಡ್ಯೂಲ್ ಕಟ್ಟುವ ಸಾಧನ) ಮೂಲಕ ಕಟ್ಟಬೇಕು. ಪ್ರಾಕ್ಸ್‌ಮಾಕ್ಸ್ ಕರ್ನಲ್ ಅಪ್‌ಡೇಟ್ ಆಯ್ತು, ಅದಕ್ಕೆ ಬೇಕಾದ ಹೆಡರ್ ಪ್ಯಾಕೇಜ್ ಹಾಕಿರ್ಲಿಲ್ಲ, ರೀಬೂಟ್ ಮಾಡಿದ್ರಿ ಅಂತ ಇಟ್ಟುಕೊಳ್ಳಿ. ಹಳೇ 8.4 ಲೋಡ್ ಆಗ್ತದೆ, ಒಂದು ವಾಲ್ಯೂಮೂ ಏಳುದಿಲ್ಲ. ಹಾಗಾಗಿ ಪ್ರತಿ ಅಪ್‌ಡೇಟ್ ನಂತರ ರೀಬೂಟಿಗೆ ಮುಂಚೆ ಹೊಸ ಕರ್ನಲ್‌ಗೆ ಮಾಡ್ಯೂಲ್ ಕಟ್ಟಿದೆಯಾ ನೋಡಿ. ಒಂದೇ ನೋಡ್ ರೀಬೂಟ್ ಮಾಡಿ, ಮಾಡ್ಯೂಲ್ ಆವೃತ್ತಿ 9 ಅಂತ ಶುರುವಾಗ್ತದಾ ನೋಡಿ, ಸಿಂಕ್ ಪೂರ್ತಿ ಆದ ಮೇಲೆ ಮುಂದಿನ ನೋಡ್.

ಇನ್ನೊಂದು, ಥಿನ್ ಪೂಲಿನ ಮೆಟಾಡೇಟಾ (ಯಾವುದು ಎಲ್ಲುಂಟು ಎಂಬ ಲೆಕ್ಕ) ಜಾಗ. ಡೇಟಾ ಖಾಲಿ ಉಂಟು ಅಂತ ಸುಮ್ಮನಿದ್ದು ಮೆಟಾಡೇಟಾ ತುಂಬಿದ್ರೆ ಪೂಲ್ ಓದಲು ಮಾತ್ರ ಅಂತ ಆಗಿ ಬಿಡ್ತದೆ. ಎರಡಕ್ಕೂ ಅಲಾರಂ ಇಡಿ.

ರಾಗಿಮುದ್ದೆ_ರೂಟ್
ಡಿಆರ್‌ಬಿಡಿ ಅಂದ್ರೆ ಸ್ಪ್ಲಿಟ್ ಬ್ರೈನ್. ಕೇಳಿದ್ರೇ ಜ್ವರ ಬರುತ್ತೆ.

ಕುಡ್ಲದ_ಕರ್ನಲ್
ಎರಡೇ ನೋಡಿನ ಹಳೇ ಕಾಲದ ಕಥೆ ಅದು. ಕೊಂಡಿ ಕಡಿದಾಗ ಇಬ್ಬರೂ ನಾನೇ ಯಜಮಾನ ಅಂತ ಬರೀತಾ ಹೋದ್ರೆ ಎತ್ತು ಏರಿಗೆ ಕೋಣ ನೀರಿಗೆ ಆಗ್ತದೆ. ಮೂರನೆಯವ ವೋಟು ಹಾಕಲಿಕ್ಕೆ ಇದ್ದು ಕೋರಂ ಕಡ್ಡಾಯ ಮಾಡಿದ್ರೆ ಒಬ್ಬನಿಗೆ ಮಾತ್ರ ಬರೆಯುವ ಹಕ್ಕು.

ಮಲೆನಾಡ_ನೋಡ್
ಕೋರಂ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀರಾ? ಪ್ರಾಕ್ಸ್‌ಮಾಕ್ಸ್‌ಗೂ ಒಂದು ಕೋರಂ, ಸೆಫ್‌ಗೂ ಒಂದು, ಲಿನ್‌ಸ್ಟೋರ್‌ಗೂ ಒಂದಾ?

ಅಕ್ಕನ_ಟರ್ಮಿನಲ್
ಹೌದು, ಬೇರೆ ಬೇರೆ. ಗ್ರಾಮ ಪಂಚಾಯಿತಿ ಸಭೆಯ ಕೋರಂ ಇದ್ದ ಹಾಗೇ. ಸಾಕಷ್ಟು ಸದಸ್ಯರು ಬರದೆ ಠರಾವು ಪಾಸ್ ಮಾಡೋ ಹಾಗಿಲ್ಲ. ಇಲ್ಲಿ ಬೇಕಾದ್ದು ಅರ್ಧಕ್ಕಿಂತ ಹೆಚ್ಚು, ಅಂದ್ರೆ ಮೂರರಲ್ಲಿ ಎರಡು.

ಪ್ರಾಕ್ಸ್‌ಮಾಕ್ಸ್ ಮಟ್ಟದಲ್ಲಿ ಈ ಕೆಲಸ ಕೋರೋಸಿಂಕ್ ಅನ್ನೋ ಸಾಫ್ಟ್‌ವೇರ್‌ದು. ಇದಕ್ಕೆ ಬ್ಯಾಂಡ್‌ವಿಡ್ತ್ ಬೇಡ, ವಿಳಂಬ ಇರಬಾರದು. ಸ್ಟೋರೇಜ್ ಓಡೋ ತಂತಿಯಲ್ಲೇ ಇದನ್ನೂ ಓಡಿಸಿದ್ರೆ, ರಿಕವರಿ ಶುರುವಾಗಿ ತಂತಿ ತುಂಬಿದಾಗ ಕೋರೋಸಿಂಕ್ ಪ್ಯಾಕೆಟ್ ತಡ ಆಗುತ್ತೆ, ನೋಡ್ ಕೋರಂ ಕಳ್ಕೊಳ್ಳುತ್ತೆ. ಎಚ್‌ಎ ಹಾಕಿದ್ರೆ ವಾಚ್‌ಡಾಗ್ (ಕಾವಲು ಟೈಮರ್) 60 ಸೆಕೆಂಡ್‌ಗೆ ಆ ಸರ್ವರನ್ನೇ ರೀಬೂಟ್ ಮಾಡುತ್ತೆ. ಹಾರ್ಡ್‌ವೇರ್ ಎಲ್ಲ ಚೆನ್ನಾಗಿದ್ದೂ ಸರ್ವರ್ ತಾನಾಗೇ ರೀಬೂಟ್ ಆಗ್ತಿದೆ ಅಂದ್ರೆ ಮೊದಲು ಇದನ್ನ ನೋಡಿ. ನಿಮ್ಮ 1ಜಿ ಸ್ವಿಚ್‌ನಲ್ಲಿ ಕೋರೋಸಿಂಕ್‌ಗೆ ಪ್ರತ್ಯೇಕ ಪೋರ್ಟ್, ಎರಡನೇ ರಿಂಗ್‌ಗೆ, ಅಂದ್ರೆ ಬದಲಿ ದಾರಿಗೆ, 10ಜಿ ತಂತಿ. ಸೆಫ್ ಹಾಕೋದಾದ್ರೆ ಗಡಿಯಾರವೂ ಮುಖ್ಯ: ಕೋರಂ ನೋಡೋ ಸೆಫ್ ಮಾನಿಟರ್‌ಗಳ ನಡುವೆ 0.05 ಸೆಕೆಂಡ್ ಮೀರಿದ್ರೆ ಗೊಣಗೋಕೆ ಶುರು. ಗಡಿಯಾರ ಹೊಂದಿಸೋ ಕ್ರೋನಿ ಮೂರರಲ್ಲೂ ಓಡ್ತಿರಲಿ.

ಧಾರವಾಡ_ಡೀಮನ್
10ಜಿ ಸ್ವಿಚ್ ಇಲ್ಲ ಅಂತ ಯಾರೂ ಹೆದರಬ್ಯಾಡ್ರಿ. ಮೂರ ನೋಡ್, ಎರಡೆರಡು ಪೋರ್ಟ್, ಅಂದ್ರ ಮೂರ ಡಿಎಸಿ (ನೇರ ಜೋಡಿಸೋ ತಾಮ್ರದ) ಕೇಬಲ್‌ನ್ಯಾಗ ಫುಲ್ ಮೆಶ್, ಅಂದ್ರ ಪ್ರತಿ ಸರ್ವರಿಗೂ ಉಳಿದೆರಡಕ್ಕ ನೇರ ತಂತಿ, ಆತು. ಒಂದರದು ಪೋರ್ಟ್ 1 ಎರಡರ ಪೋರ್ಟ್ 1ಕ್ಕ, ಎರಡರ ಪೋರ್ಟ್ 2 ಮೂರರ ಪೋರ್ಟ್ 1ಕ್ಕ, ಮೂರರ ಪೋರ್ಟ್ 2 ಒಂದರ ಪೋರ್ಟ್ 2ಕ್ಕ. ಮ್ಯಾಲೆ ದಾರಿ ಆರಿಸಾಕ ಎಫ್‌ಆರ್‌ಆರ್ ರೂಟಿಂಗ್. ಪ್ರಾಕ್ಸ್‌ಮಾಕ್ಸ್ 9ರಾಗ ಎಸ್‌ಡಿಎನ್ ಫ್ಯಾಬ್ರಿಕ್ ಅಂತ ಪುಟದಾಗ ಕೊಟ್ಟಾರ, ಕೈಯಿಂದ ಬರೀಬೇಕಾಗಿಲ್ಲ. ಒಂದು ಕೇಬಲ್ ಕಿತ್ತರ ಸುತ್ತು ಹಾಕಿ ಮೂರನೇದರ ಮೂಲಕ ಹೋಗತೈತಿ. ಕಿತ್ತು ನೋಡೇ ನೋಡ್ರಿ, ಬರೇ ನಂಬಬ್ಯಾಡ್ರಿ. ನಾಕನೇ ಸರ್ವರ್ ಬಂದ ದಿನ ಮಾತ್ರ ಸ್ವಿಚ್ ಬೇಕಾಗತೈತಿ.

ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತಿ) 9000 ಇಡೋದಾದ್ರ ಆರೂ ಪೋರ್ಟಿಗೂ ಇಡ್ರಿ. ಒಂದ ತಪ್ಪಿದ್ರೂ ಸಣ್ಣ ಪ್ಯಾಕೆಟ್ ದಾಟತಾವ, ದೊಡ್ಡವು ಸುಮ್ಮನ ಬಿದ್ದು ಹೋಗತಾವ. ಪಿಂಗ್ ಬರತೈತಿ, ಸೆಫ್ ಒದ್ದಾಡತೈತಿ, ತಲಿ ಕೆಡತೈತಿ. ಪಿಂಗಿಗೆ ತುಂಡು ಮಾಡಬ್ಯಾಡ ಅಂತ ಹೇಳಿ 8972 ಬೈಟ್ ಕಳಿಸಿ ನೋಡ್ರಿ. 9000ದಾಗ ಹೆಡರಿನ 28 ಕಳದ್ರ ಅಷ್ಟ.

ಚಿಕ್ಕಪೇಟೆ_ಚಿಪ್
1ಜಿ ಮೇಲೆ ಸೆಫ್ ಓಡಲ್ವಾ?

ಧಾರವಾಡ_ಡೀಮನ್
ಓಡಂಗಿಲ್ಲ, ತೆವಳತೈತಿ. ಸೆಕೆಂಡಿಗೆ 110 ಎಂಬಿ ಹಿಡದ್ರ 4 ಟಿಬಿ ಸಾಗಿಸಾಕ ಹತ್ತು ತಾಸು. ಅಷ್ಟೂ ಹೊತ್ತು ವಿಎಂಗಳೂ ಅದ ತಂತಿಗೆ ಜೋತು ಬಿದ್ದಿರತಾವ.

ಹಳೇಬೀಡು_ಹ್ಯಾಶ್
ಹೆಸರಿಟ್ರಾ ಸರ್ವರ್‌ಗಳಿಗೆ?

ಮಲೆನಾಡ_ನೋಡ್
ತುಂಗಾ, ಭದ್ರಾ, ಶರಾವತಿ.

ಬಿಟ್ಟಿಬೈಟ್
ತುಂಗಾ ಭದ್ರಾ ಕೂಡ್ಲಿಯಲ್ಲಿ ಸೇರಿ ಪೂರ್ವಕ್ಕೆ ಹೋಗ್ತವೆ, ಶರಾವತಿ ಒಬ್ಬಳೇ ಹೊನ್ನಾವರದ ಕಡೆ. ಕೋರಂ ತಪ್ಪೋ ನೋಡ್ ಯಾವುದು ಅಂತ ಈಗಲೇ ಗೊತ್ತಾಯ್ತು 😂

ರಾಗಿಮುದ್ದೆ_ರೂಟ್
ನಿರ್ವಹಣೆಗೆ ಅಂತ ಶರಾವತಿ ಇಳಿಸೋ ಮುಂಚೆ ಸೆಫ್‌ಗೆ ನೋಔಟ್ ಫ್ಲ್ಯಾಗ್ (ಇಳಿದ ಡಿಸ್ಕ್‌ನ ಲೆಕ್ಕದಿಂದ ತೆಗೀಬೇಡ ಅಂತ) ಹಾಕಿ, ಎದ್ದ ಮೇಲೆ ತೆಗೀರಿ. ಮೂರು ನೋಡ್‌ನಲ್ಲಿ ಇಡೀ ಸರ್ವರ್ ಹೋದ್ರೆ ಸೆಫ್‌ಗೆ ಮೂರನೇ ಪ್ರತಿ ಇಡೋಕೆ ಜಾಗವೇ ಇಲ್ಲ, ಎರಡರಲ್ಲೇ ನಡೆಸುತ್ತೆ. ಆ ಹೊತ್ತಿಗೆ ಇನ್ನೊಂದು ಸರ್ವರ್ ಮುಟ್ಟಿದ್ರೋ, ಕೋರಂ ಹೋಗಿ ಇಡೀ ಕ್ಲಸ್ಟರ್‌ನ ಬರಹ ನಿಲ್ಲುತ್ತೆ. ಸೆಫ್‌ಗೆ ನೆಮ್ಮದಿ ಬೇಕಾದ್ರೆ ಐದು ನೋಡ್, ಅದನ್ನ ನಾನೂ ಒಪ್ತೀನಿ.

ಮೈಸೂರು_ಮೌಂಟ್
ಮಳೆಗಾಲದಲ್ಲಿ ಕರೆಂಟ್ ಹೋದ್ರೆ? ಮಲೆನಾಡು ಅಂದಿದ್ದೀರಿ.

ಅಕ್ಕನ_ಟರ್ಮಿನಲ್
ಒಳ್ಳೇ ಪ್ರಶ್ನೆ. ಯುಪಿಎಸ್‌ಗೆ ಯುಎಸ್‌ಬಿ ತಂತಿ ಒಂದು ಸರ್ವರ್‌ಗೆ, ಯುಪಿಎಸ್ ಸ್ಥಿತಿ ಹಂಚೋ ಎನ್‌ಯುಟಿ ಹಾಕಿ ಉಳಿದೆರಡಕ್ಕೂ ಸುದ್ದಿ ಮುಟ್ಟಿಸಿ. 1ಜಿ ಸ್ವಿಚ್ ಕೂಡ ಅದೇ ಯುಪಿಎಸ್‌ನಲ್ಲಿ ಇರಬೇಕು, ಇಲ್ಲಾಂದ್ರೆ ಸುದ್ದಿ ಹೋಗೋ ದಾರಿಯೇ ಇರಲ್ಲ. ಕ್ರಮ: ಮೊದಲು ವಿಎಂಗಳು. ಎಚ್‌ಎಯಲ್ಲಿ ಇರೋವನ್ನ ಎಚ್‌ಎ ಮೂಲಕವೇ ನಿಲ್ಲಿಸಿ, ಬರೀ ಶಟ್‌ಡೌನ್ ಕೊಟ್ಟು ಸರ್ವರ್ ಆರಿಸಿದ್ರೆ ಉಳಿದ ನೋಡ್ ಅದನ್ನ ಎಬ್ಬಿಸೋಕೆ ಹೋಗುತ್ತೆ. ಸೆಫ್ ಆದ್ರೆ ಆಮೇಲೆ ನೋಔಟ್, ನೋರಿಕವರ್, ನೋರೀಬ್ಯಾಲೆನ್ಸ್, ನೋಬ್ಯಾಕ್‌ಫಿಲ್ ಫ್ಲ್ಯಾಗ್‌ಗಳು (ಡೇಟಾ ಸಾಗಿಸಬೇಡ ಅಂತ), ಕೊನೆಗೆ ಸರ್ವರ್‌ಗಳು. ಏಳಿಸುವಾಗ ಉಲ್ಟಾ. ಬ್ಯಾಟರಿ 20 ನಿಮಿಷ ಬರುತ್ತೆ ಅಂದ್ರೆ 8ನೇ ನಿಮಿಷಕ್ಕೇ ಶುರು ಮಾಡಿ. ವಿಂಡೋಸ್ ವಿಎಂ ಅಪ್‌ಡೇಟ್ ಹಾಕ್ತಾ ಕೂತರೆ ನಿಮ್ಮ ಮಾತು ಕೇಳಲ್ಲ.

ಝಡ್‌ಪೂಲ್_ಝರಿ
ರಸೀದಿ ವಿಷಯಕ್ಕೆ ವಾಪಸ್ ಬರ್ತೀನಿ, ಅಲ್ಲಿ ಸೋತೆ ಅಂತ ಹೇಳಿಸ್ಕೊಂಡಿದ್ದೀನಲ್ಲ. 14 ವಿಎಂನಲ್ಲಿ ಒಂದೇ ಒಂದಕ್ಕೆ ಸೊನ್ನೆ ನಷ್ಟ ಬೇಕಿರೋದು. ಅದೊಂದಕ್ಕಾಗಿ 13ನ್ನೂ ಸಿಂಕ್ರೊನಸ್ ಸ್ಟೋರೇಜ್ ಮೇಲೆ ಯಾಕೆ ಕೂರಿಸಬೇಕು? ಮಾರಿಯಾಡಿಬಿಗೇ ಆ ಕೆಲಸ ಬರುತ್ತೆ. ತುಂಗಾದಲ್ಲಿ ಒಂದು ಮಾರಿಯಾಡಿಬಿ, ಭದ್ರಾದಲ್ಲಿ ಇನ್ನೊಂದು, ನಡುವೆ ಸೆಮಿಸಿಂಕ್ ರೆಪ್ಲಿಕೇಷನ್. 10.3ರಿಂದ ಅದು ಒಳಗೇ ಇದೆ, ಪ್ಲಗಿನ್ ಬೇಡ. ಕಾಯೋ ಜಾಗ ಆಫ್ಟರ್ ಸಿಂಕ್ ಅಂತ ಇಡಿ. ಆಗ ರಸೀದಿಯ ದಾಖಲೆ ಎರಡನೇ ಸರ್ವರ್‌ಗೆ ಮುಟ್ಟಿತು ಅಂತ ಉತ್ತರ ಬಂದ ಮೇಲೆಯೇ ಕೌಂಟರಿನವರಿಗೆ "ಆಯ್ತು" ಅಂತ ಬರೋದು. ಉಳಿದ 13ಕ್ಕೆ ಝಡ್‌ಎಫ್‌ಎಸ್ ರೆಪ್ಲಿಕೇಷನ್.

ಕುಡ್ಲದ_ಕರ್ನಲ್
ಸೆಮಿಸಿಂಕ್ 10 ಸೆಕೆಂಡ್ ಕಾದು ಉತ್ತರ ಬಾರದಿದ್ರೆ ಸದ್ದಿಲ್ಲದೆ ಅಸಿಂಕ್ ಆಗ್ತದೆ, ಅಂದ್ರೆ ಕಾಯದೆ ಮುಂದೆ ಹೋಗ್ತದೆ, ಅದನ್ನು ಯಾಕೆ ಹೇಳುದಿಲ್ಲ ನೀವು? ಭದ್ರಾ ಬೆಳಿಗ್ಗೆ ಮಲಗಿ, ತುಂಗಾ ಸಂಜೆ ಸತ್ರೆ ಇಡೀ ದಿನದ ರಸೀದಿ ಹೋಯ್ತು.

ಝಡ್‌ಪೂಲ್_ಝರಿ
ಸರಿ, ಹೇಳಬೇಕಿತ್ತು. ಟೈಮ್‌ಔಟ್ ಮಿಲಿಸೆಕೆಂಡ್‌ನಲ್ಲಿ 10000 ಅಂತ ಇರುತ್ತೆ. ಅದನ್ನ ಏರಿಸಿದ್ರೆ ಭದ್ರಾ ಇಲ್ಲದಾಗ ಕೌಂಟರ್ ನಿಲ್ಲುತ್ತೆ, ಏರಿಸದಿದ್ರೆ ಖಾತ್ರಿ ಹೋಗುತ್ತೆ. ಯಾವುದು ಬೇಕು ಅಂತ ಕಾಲೇಜಿನವರು ಹೇಳಬೇಕು. ಏರಿಸದಿದ್ರೆ ಸೆಮಿಸಿಂಕ್ ಸ್ಥಿತಿ ಆಫ್ ಆದ ತಕ್ಷಣ ಮೊಬೈಲ್‌ಗೆ ಸಂದೇಶ ಬರೋ ಹಾಗೆ ಒಂದು ಸ್ಕ್ರಿಪ್ಟ್, ಆಗ ಶರಾವತಿಯಲ್ಲಿ ಇನ್ನೊಂದು ಪ್ರತಿ ಎಬ್ಬಿಸಬಹುದು. ಇಲ್ಲಾ ಶುರುವಿಂದಲೇ ಮೂರರಲ್ಲೂ ಗಲೇರಾ, ಅಂದ್ರೆ ಮಾರಿಯಾಡಿಬಿಯ ಸಿಂಕ್ರೊನಸ್ ಕ್ಲಸ್ಟರ್.

ಈ ಎರಡು ಮಾರಿಯಾಡಿಬಿ ವಿಎಂಗೆ ಎಚ್‌ಎ ಹಾಕಬೇಡಿ, ಝಡ್‌ಎಫ್‌ಎಸ್ ರೆಪ್ಲಿಕೇಷನ್ ಕೂಡ ಬೇಡ. ಹಳೇ ಸ್ನಾಪ್‌ಶಾಟ್‌ನಿಂದ ಎದ್ದ ಡೇಟಾಬೇಸ್ ತನ್ನ ಜೊತೆಗಾರನಿಗಿಂತ ಹಿಂದೆ ಇರುತ್ತೆ, ಗೊಂದಲ. ಉಳಿದ ವಿಎಂಗೆ ಎಚ್‌ಎ ಹಾಕುವಾಗ ನೋಡ್ ಅಫಿನಿಟಿ ರೂಲ್ ಹಾಕಿ, ರೆಪ್ಲಿಕಾ ಇರೋ ನೋಡ್‌ಗಳಿಗೆ ಮಾತ್ರ ಸೀಮಿತ ಮಾಡಿ. ಇಲ್ಲಾಂದ್ರೆ ಎಚ್‌ಎ ಆ ವಿಎಂನ ರೆಪ್ಲಿಕಾ ಇಲ್ಲದ ನೋಡ್‌ಗೆ ಒಯ್ದು, ಡಿಸ್ಕ್ ಕಾಣ್ತಿಲ್ಲ ಅಂತ ಎರರ್ ಕೊಟ್ಟು ಕೂರುತ್ತೆ. ಡೇಟಾಸೆಂಟರ್ ಆಯ್ಕೆಗಳಲ್ಲಿ ಮೈಗ್ರೇಷನ್ ನೆಟ್‌ವರ್ಕ್ ಅನ್ನೋದನ್ನ 10ಜಿ ಮೆಶ್‌ಗೆ ಇಡಿ, ರೆಪ್ಲಿಕೇಷನ್ನೂ ಅದೇ ದಾರಿ ಹಿಡಿಯುತ್ತೆ.

ರಾಗಿಮುದ್ದೆ_ರೂಟ್
ಇಷ್ಟೆಲ್ಲ ಸರ್ಕಸ್ ಬದಲು ಸೆಫ್ ಹಾಕಿದ್ರೆ ಒಂದೇ ಕಡೆ ಮುಗೀತಿತ್ತು. ನಾಲ್ಕು ಒಎಸ್‌ಡಿಗೆ (ಡಿಸ್ಕ್‌ಗೊಂದು ಸೆಫ್ ಪ್ರೋಗ್ರಾಂ) ತಲಾ 4 ಜಿಬಿ, 16 ಜಿಬಿ ರ‍್ಯಾಮ್ ಅಷ್ಟೆ ಹೋಗೋದು.

ಅಕ್ಕನ_ಟರ್ಮಿನಲ್
ಆರು ತಿಂಗಳಿಗೊಮ್ಮೆ ಮುಟ್ಟೋ ಜನಕ್ಕೆ ಝಡ್‌ಎಫ್‌ಎಸ್, ದಿನಾ ನೋಡೋರಿಗೆ ಸೆಫ್. ಇಲ್ಲಿ ಮೊದಲನೇ ಜಾತಿ. ಸೆಮಿಸಿಂಕ್ ಕೆಟ್ಟರೆ ಒಂದು ಡೇಟಾಬೇಸ್ ಕೆಡುತ್ತೆ, ಸೆಫ್ ಕೆಟ್ಟರೆ ಹದಿನಾಲ್ಕೂ. ಏನೇ ಹಾಕಿದ್ರೂ ಬ್ಯಾಕಪ್ ಬೇರೆ ಪೆಟ್ಟಿಗೆಯಲ್ಲಿ. ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಪುಕ್ಕಟೆ, ಹಳೇ ಡೆಸ್ಕ್‌ಟಾಪ್‌ಗೆ ಎರಡು 4 ಟಿಬಿ ಹಾರ್ಡ್ ಡಿಸ್ಕ್ ಸಾಕು (ಬರೆಯೋಕೆ ನಿಧಾನದ ಎಸ್‌ಎಂಆರ್ ಬಗೆ ಬೇಡ), ಮತ್ತೊಂದು ಕಟ್ಟಡದಲ್ಲಿ ಇಡಿ. ಯಾರೋ ವಿಎಂ ಒಳಗೆ ಟೇಬಲ್ ಅಳಿಸಿದ್ರೆ ಸೆಫ್‌ನ ಮೂರೂ ಪ್ರತಿ ಒಟ್ಟಿಗೇ ಅಳಿಸುತ್ತೆ.

ಧಾರವಾಡ_ಡೀಮನ್
ವಿಂಡೋಸ್ ವಿಎಂಗೆ ವರ್ಟ್‌ಐಒ ಸ್ಕಜಿ ಸಿಂಗಲ್ ಡಿಸ್ಕ್ ಕಂಟ್ರೋಲರ್ ಕೊಟ್ಟು ಡಿಸ್ಕಾರ್ಡ್ ಟಿಕ್ ಮಾಡೋದು ಮರೀಬ್ಯಾಡ್ರಿ. ಇಲ್ಲಾಂದ್ರ ಒಳಗ ಅಳಿಸಿದ ಫೈಲಿನ ಜಾಗ ಪೂಲಿಗೆ ತಿರುಗಿ ಬರಂಗಿಲ್ಲ.

ಮಲೆನಾಡ_ನೋಡ್
ಎಲ್ಲರಿಗೂ ಧನ್ಯವಾದ. ಹೀಗೆ ಮಾಡ್ತೀನಿ: ಪಿಎಲ್‌ಪಿ ಡಿಸ್ಕ್ ಮೊದಲು ಒಂದು ತರಿಸಿ ಎಫ್‌ಐಒ, ಆಮೇಲೆ ಹನ್ನೊಂದು. ಎಚ್‌ಬಿಎ ಮೋಡ್, ಝಡ್‌ಎಫ್‌ಎಸ್ ಮಿರರ್, 13 ವಿಎಂಗೆ 10 ನಿಮಿಷದ ರೆಪ್ಲಿಕೇಷನ್, ಮಾರಿಯಾಡಿಬಿಗೆ ಸೆಮಿಸಿಂಕ್. ಟೈಮ್‌ಔಟ್ ಎಷ್ಟು ಅನ್ನೋದು ಪ್ರಿನ್ಸಿಪಾಲರನ್ನ ಕೇಳಿ ತೀರ್ಮಾನ. ಡಿಎಸಿ ಕೇಬಲ್ ಒಂದು ಮೀಟರ್ ಸಾಕಾ?

ಧಾರವಾಡ_ಡೀಮನ್
ಒಂದರ ಮ್ಯಾಲೊಂದು ಇಟ್ಟಿದ್ರ ಸಾಕು. ಹಿಂದ ಕೇಬಲ್ ಆರ್ಮ್ ಇದ್ದು ಸರ್ವರ್ ಮುಂದಕ್ಕ ಜಗ್ಗೋದಿದ್ರ ಎರಡು ಮೀಟರಿಂದು ತಗೊಳ್ರಿ. ಎಕ್ಸ್520 ಕೆಲವು ಮಾಡ್ಯೂಲ್‌ಗೆ ಮುನಿಸು ತೋರಸತೈತಿ. ಪ್ಯಾಸಿವ್ ಡಿಎಸಿ ಕೇಳ್ರಿ, ಆಪ್ಟಿಕಲ್ ಬ್ಯಾಡ. ಮತ್ತ ಮೂರಲ್ಲ, ನಾಕ ತರಿಸ್ರಿ.

ಬಿಟ್ಟಿಬೈಟ್
ನಾಲ್ಕನೇದು ನಮ್ಮಜ್ಜಂಗೆ.